ಚೀನೀ ವಲಸೆ ಕುಟುಂಬಗಳ ಮಕ್ಕಳು: ಶಾಲೆಯ ಮೊದಲ ವರ್ಷ ಯಾವ ನೆರವು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ?

ಬೇ_ಏರಿಯಾ_ಪಾಲಕಿ (ಎಳೆ ಶುರು ಮಾಡಿದವರು)

ಫ್ರೀಮಾಂಟ್, ಕೂಪರ್ಟಿನೊ, ಸನ್ನಿವೇಲ್ ಕಡೆಯ ಸರ್ಕಾರಿ ಶಾಲೆಗಳಲ್ಲಿ ಕನ್ನಡದ ಮನೆಗಳ ಮಕ್ಕಳೂ ಚೀನಾ, ತೈವಾನ್, ಹಾಂಗ್‌ಕಾಂಗ್‌ನಿಂದ ಬಂದ ಮನೆಗಳ ಮಕ್ಕಳೂ ಒಂದೇ ತರಗತಿಯಲ್ಲಿ ಕೂರುತ್ತಾರೆ. ಪಾಲಕರ ಸಂಘಗಳಲ್ಲಿ ಕೆಲಸ ಮಾಡುವ ಕನ್ನಡಿಗರೂ ಇದ್ದಾರೆ. ಹೊಸದಾಗಿ ಬಂದ ಚೀನೀ ಕುಟುಂಬಕ್ಕೆ ನೆರವಾಗಬೇಕು ಅಂದಾಗ ಸಂಘಗಳ ಕೈಗೆ ಸುಲಭವಾಗಿ ಸಿಗುವುದು ಹಬ್ಬ: ಚಾಂದ್ರಮಾನ ಹೊಸ ವರ್ಷಕ್ಕೆ ಕಂದೀಲು, ಕೆಂಪು ಲಕೋಟೆ. ಅದು ಒಳ್ಳೆಯದೇ. ಆದರೆ ಉಳಿದ ಹನ್ನೊಂದು ತಿಂಗಳು ಶಾಲೆಯ ಪತ್ರ, ಲಸಿಕೆ ಪಟ್ಟಿ, ಟೀಚರ್ ಭೇಟಿ ಎಲ್ಲವನ್ನೂ ಎಂಟು ವರ್ಷದ ಮಗುವೇ ಅಪ್ಪ ಅಮ್ಮನಿಗೆ ಓದಿ ಹೇಳುತ್ತಿರುತ್ತದೆ.

ಶಾಲೆ, ಆಸ್ಪತ್ರೆ, ಭಾಷಾ ತರಗತಿಗಳಲ್ಲಿ ಕೆಲಸ ಮಾಡುವವರು ಇಲ್ಲಿ ಇದ್ದೀರಿ. ಸ್ವಂತ ಕಥೆಗಳು ಬೇಡ. ಏನು ಮಾಡಬೇಕು, ಯಾವ ಕ್ರಮದಲ್ಲಿ, ಎಲ್ಲಿ ಎಡವಟ್ಟಾಗುತ್ತದೆ, ಯಾಕೆ, ಇಷ್ಟನ್ನು ಬರೆಯಿರಿ. ನಾನು ಕ್ಯಾಲಿಫೋರ್ನಿಯಾವನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಿದ್ದೇನೆ, ಬೇರೆ ರಾಜ್ಯದವರೂ ಸೇರಿಸಬಹುದು.

ದುಭಾಷಿ_ದಾರಿ

ಮಗು ಭಾಷಾಂತರ ಮಾಡುವುದನ್ನು ನಿಲ್ಲಿಸಿದರೆ ಅರ್ಧ ಕೆಲಸ ಆದ ಹಾಗೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮನೆಯಲ್ಲಿ ಯಾವ ಮಾತು, ಓದುವುದು ಯಾವ ಲಿಪಿ, ಇವೆರಡನ್ನೂ ಬೇರೆ ಬೇರೆ ಕೇಳಿ. "ಚೈನೀಸ್" ಎಂದು ಒಂದೇ ಚೌಕಕ್ಕೆ ಗುರುತು ಹಾಕಿದರೆ ಏನೂ ತಿಳಿಯುವುದಿಲ್ಲ. ಮ್ಯಾಂಡರಿನ್, ಕ್ಯಾಂಟನೀಸ್, ತಾಯ್‌ಶಾನ್ ಕಡೆಯ ಮಾತು, ಫೂಚೌ ಕಡೆಯ ಮಾತು, ಇವು ಕಿವಿಗೆ ಒಂದಕ್ಕೊಂದು ಅರ್ಥವಾಗದಷ್ಟು ದೂರ. ಲಿಪಿಯಲ್ಲಿ ಚೀನಾದ ಮುಖ್ಯಭೂಮಿಯವರು ಸರಳೀಕೃತ ಅಕ್ಷರ ಓದುತ್ತಾರೆ, ತೈವಾನ್ ಮತ್ತು ಹಾಂಗ್‌ಕಾಂಗ್‌ನವರು ಸಾಂಪ್ರದಾಯಿಕ ಅಕ್ಷರ. ಕ್ಯಾಂಟನೀಸ್ ಆಡುವವರೆಲ್ಲ ಸಾಂಪ್ರದಾಯಿಕ ಅಕ್ಷರವನ್ನೇ ಓದುತ್ತಾರೆ ಅಂದುಕೊಳ್ಳಬೇಡಿ. ಗ್ವಾಂಗ್‌ಚೌನಲ್ಲಿ ಶಾಲೆ ಕಲಿತ ತಾಯಿ ಆಡುವುದು ಕ್ಯಾಂಟನೀಸ್, ಓದುವುದು ಸರಳೀಕೃತ. ಶಾಲೆಗೆ ಹೆಚ್ಚು ಹೋಗದ ಹಳ್ಳಿಯ ಅಜ್ಜ ಅಜ್ಜಿಯರಿಗೆ ಯಾವ ಲಿಪಿಯ ಪತ್ರವೂ ಪ್ರಯೋಜನವಿಲ್ಲ. ಮೂವತ್ತು ಸೆಕೆಂಡಿನ ಧ್ವನಿ ಸಂದೇಶ ಕಳಿಸಿ.

ಟೀಚರ್ ಜೊತೆಗಿನ ಭೇಟಿಗೆ ದುಭಾಷಿಯನ್ನು ಕನಿಷ್ಠ ಒಂದು ವಾರ ಮೊದಲು ಲಿಖಿತವಾಗಿ ಕೇಳಿ, ಮಾತಿನ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ. ಭೇಟಿಗೆ ಹತ್ತು ನಿಮಿಷ ಮುಂಚೆ ದುಭಾಷಿಗೆ ವಿಷಯ ಏನು, ಯಾವ ಪರೀಕ್ಷೆಗಳ ಹೆಸರು ಬರುತ್ತವೆ ಎಂದು ತಿಳಿಸಿ. ಇಲ್ಲದಿದ್ದರೆ ಶಾಲೆಯ ಸಂಕ್ಷಿಪ್ತಪದಗಳನ್ನೆಲ್ಲ ಅವರು ಹಾಗೇ ಇಂಗ್ಲಿಷಿನಲ್ಲಿ ದಾಟಿಸಿಬಿಡುತ್ತಾರೆ, ಪಾಲಕರು ತಲೆಯಾಡಿಸುತ್ತಾರೆ, ಯಾರಿಗೂ ಏನೂ ತಲುಪುವುದಿಲ್ಲ. ಎರಡು ವಾಕ್ಯ ಹೇಳಿ ನಿಲ್ಲಿಸಿ. ದುಭಾಷಿಯ ಮುಖವಲ್ಲ, ತಾಯಿಯ ಮುಖ ನೋಡಿ ಮಾತಾಡಿ. ಅರ್ಧ ಗಂಟೆಯ ಭೇಟಿಗೆ ಒಂದು ಗಂಟೆ ಇಟ್ಟುಕೊಳ್ಳಿ.

"ಹಾಂ, ಹಾಂ" ಎಂದರೆ ಕೇಳಿಸಿಕೊಳ್ಳುತ್ತಿದ್ದೇನೆ ಅಂತ, ಒಪ್ಪಿದ್ದೇನೆ ಅಂತ ಅಲ್ಲ. ಚೀನಾದಲ್ಲಿ ಪ್ರತಿ ತರಗತಿಗೂ ಒಬ್ಬ ಹೊಣೆಗಾರ ಶಿಕ್ಷಕರಿರುತ್ತಾರೆ. ಅವರು ಹೇಳುತ್ತಾರೆ, ಪಾಲಕರು ಪಾಲಿಸುತ್ತಾರೆ. ಅಲ್ಲಿ ಬೆಳೆದವರು ಟೀಚರ್ ಎದುರು ಪ್ರಶ್ನೆ ಕೇಳುವುದನ್ನು ಅಗೌರವ ಅಂದುಕೊಳ್ಳಬಹುದು. ಆದ್ದರಿಂದ "ಅರ್ಥವಾಯಿತೆ?" ಎಂದು ಕೇಳಬೇಡಿ. "ಮನೆಗೆ ಹೋದ ಮೇಲೆ ಅಜ್ಜಿಗೆ ಇದನ್ನು ಹೇಗೆ ಹೇಳುತ್ತೀರಿ?" ಎಂದು ಕೇಳಿ. ತಪ್ಪಾಗಿ ತಲುಪಿದ್ದು ಅಲ್ಲೇ ಗೊತ್ತಾಗುತ್ತದೆ.

ಶಿಸ್ತಿನ ವಿಷಯ, ಅಂಕ, ಕಾಯಿಲೆ, ಹಣ, ಈ ನಾಲ್ಕರಲ್ಲಿ ಮಗುವಿನ ಬಾಯಿಂದ ಒಂದು ಮಾತೂ ದಾಟಬಾರದು. ಮಗು ತನಗೆ ಬೈಸುವ ಮಾತನ್ನು ಬಿಟ್ಟು ಹೇಳುತ್ತದೆ ಎಂಬುದು ಚಿಕ್ಕ ತೊಂದರೆ. ಅಪ್ಪನಿಗೆ ತಿಳಿಯದ್ದು ತನಗೆ ತಿಳಿದಿದೆ ಎಂದು ಅದು ಪ್ರತಿ ವಾರ ಕಲಿಯುತ್ತಾ ಹೋಗುವುದು ದೊಡ್ಡ ತೊಂದರೆ. ಹದಿಮೂರನೇ ವಯಸ್ಸಿಗೆ ಆ ಅಪ್ಪನ ಮಾತನ್ನು ಅದು ಕೇಳಬೇಕಾಗಿರುತ್ತದೆ.

ಹಳೆ_ಕಡತ

ದುಭಾಷಿಯನ್ನು ಕೇಳುವುದು ಬೇಡುವುದಲ್ಲ, ಹಕ್ಕು. ಅದನ್ನು ಗಳಿಸಿಕೊಟ್ಟವರೂ ಚೀನೀ ಕುಟುಂಬಗಳೇ, ಅದೂ ಇದೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ.

1882ರ ಕಾಯ್ದೆ ಚೀನೀ ಕಾರ್ಮಿಕರ ವಲಸೆಯನ್ನು ನಿಷೇಧಿಸಿತು. 1943ರವರೆಗೆ ಅದು ಉಳಿಯಿತು. ಆ ನಡುವೆಯೇ, 1884ರಲ್ಲಿ, ಮೇಮಿ ಟೇಪ್ ಎಂಬ ಹುಡುಗಿಯನ್ನು ಶಾಲೆಗೆ ಸೇರಿಸಿಕೊಳ್ಳದಿದ್ದಾಗ ಅವಳ ತಂದೆತಾಯಿ ಮೊಕದ್ದಮೆ ಹೂಡಿದರು. 1885ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಆಡಳಿತ ಅದಕ್ಕೆ ಕೊಟ್ಟ ಉತ್ತರ ಚೀನೀ ಮಕ್ಕಳಿಗೆಂದೇ ಬೇರೆ ಶಾಲೆ. 1974ರ ಲಾವ್ ವಿರುದ್ಧ ನಿಕೋಲ್ಸ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮೂಲದ ಮಕ್ಕಳನ್ನು ಯಾವ ನೆರವೂ ಇಲ್ಲದೆ ತರಗತಿಯಲ್ಲಿ ಕೂರಿಸುವುದು 1964ರ ನಾಗರಿಕ ಹಕ್ಕು ಕಾಯ್ದೆಗೆ ವಿರುದ್ಧ ಎಂದು ಒಮ್ಮತದಿಂದ ಹೇಳಿತು. ನಮ್ಮ ಮಕ್ಕಳಿಗೂ ಸಿಗುವ ಇಂಗ್ಲಿಷ್ ನೆರವಿನ ತರಗತಿಗೆ ಬುನಾದಿ ಅದೇ ತೀರ್ಪು.

ಬಳಸಬಹುದಾದ ಎರಡು ಅಂಶ. ಕ್ಯಾಲಿಫೋರ್ನಿಯಾದ ಶಿಕ್ಷಣ ಸಂಹಿತೆಯ 48985ನೇ ಕಲಮಿನ ಪ್ರಕಾರ ಶಾಲೆಯ ಮಕ್ಕಳಲ್ಲಿ ಶೇ. 15 ಅಥವಾ ಹೆಚ್ಚಿನವರ ಮನೆಮಾತು ಇಂಗ್ಲಿಷಲ್ಲದ ಒಂದೇ ಭಾಷೆಯಾಗಿದ್ದರೆ ಪಾಲಕರಿಗೆ ಹೋಗುವ ಸೂಚನೆಗಳು ಆ ಭಾಷೆಯಲ್ಲೂ ಇರಬೇಕು. ಇನ್ನೊಂದು, 1982ರ ಪ್ಲೈಲರ್ ತೀರ್ಪು: ವಲಸೆಯ ಕಾಗದಪತ್ರ ಇಲ್ಲವೆಂದು ಸರ್ಕಾರಿ ಶಾಲೆ ಮಗುವನ್ನು ಹೊರಗಿಡುವಂತಿಲ್ಲ. ವಿಳಾಸದ ಪುರಾವೆ, ವಯಸ್ಸಿನ ಪುರಾವೆ, ಲಸಿಕೆ ಪಟ್ಟಿ ಕೇಳಲಿ. ಸ್ವಯಂಸೇವಕರು "ನಿಮ್ಮದು ಯಾವ ವೀಸಾ?" ಎಂದು ಕುತೂಹಲಕ್ಕೂ ಕೇಳಬಾರದು. 1906ರ ಭೂಕಂಪದ ಬೆಂಕಿಯಲ್ಲಿ ದಾಖಲೆಗಳು ಸುಟ್ಟ ನಂತರ ವಲಸೆ ನಿಷೇಧ ದಾಟಲು ಅಮೆರಿಕದ ಪ್ರಜೆಯಾದ ಬೇರೊಬ್ಬರ ಮಗನೆಂಬ ಕಾಗದ ಹಿಡಿದು ಬಂದು, ಅದೇ ಹೆಸರಿನಲ್ಲಿ ಬದುಕಿ ಸತ್ತವರ ಮನೆಗಳು ಈ ಊರಿನಲ್ಲಿ ಈಗಲೂ ಇವೆ. ಅಧಿಕಾರಿಯ ಪ್ರಶ್ನೆಗೆ ಆ ಮನೆಗಳು ಹೆದರುವುದರಲ್ಲಿ ಆಶ್ಚರ್ಯವಿಲ್ಲ.

ಅಕ್ಷರ_ಬಲ್ಲವರು

ಅರ್ಜಿಯಲ್ಲಿ ಹೆಸರು ಕೆಡುವುದು ಎಲ್ಲ ಕಡೆ ಇದೆ, ಅದನ್ನು ಮೊದಲ ದಿನವೇ ಸರಿ ಮಾಡಿ. ಚೀನೀ ಹೆಸರಿನಲ್ಲಿ ಮನೆತನದ ಹೆಸರು ಮೊದಲು. ಇಟ್ಟ ಹೆಸರು ಬಹುಪಾಲು ಎರಡು ಅಕ್ಷರ, ಎರಡೂ ಸೇರಿ ಒಂದು ಹೆಸರು. ಗುಮಾಸ್ತರು ಎರಡನೆಯ ಅಕ್ಷರವನ್ನು ನಡುವಿನ ಹೆಸರೆಂದು ಹಾಕುತ್ತಾರೆ. ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಲಸಿಕೆಯ ದಾಖಲೆಯಲ್ಲಿ ಇನ್ನೊಂದು ರೀತಿ ಆಗಿ, ಎರಡೂ ಒಂದೇ ಮಗುವಿನದೆಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇಟ್ಟ ಹೆಸರು ಕೂಡಿಸಿ ಬರೆದಿದ್ದರೆ ಹಾಗೇ ಕೂಡಿಸಿ ನಕಲು ಮಾಡಿ, ಖಾಲಿ ಜಾಗ ಬಿಡಬೇಡಿ. ಮದುವೆಯಾದ ಹೆಂಗಸರು ತವರಿನ ಮನೆತನದ ಹೆಸರನ್ನೇ ಉಳಿಸಿಕೊಳ್ಳುತ್ತಾರೆ. ಮಗುವಿಗೂ ತಾಯಿಗೂ ಬೇರೆ ಹೆಸರಿದ್ದರೆ ಅದಕ್ಕೆ ಸಮಜಾಯಿಷಿ ಕೇಳಬೇಡಿ.

ಉಚ್ಚಾರದಲ್ಲಿ ಕನ್ನಡದವರಿಗೆ ಒಂದು ದೊಡ್ಡ ಅನುಕೂಲವಿದೆ, ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇಲ್ಲದ್ದು. ಚೀನೀ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಬರಹದಲ್ಲಿ ಬಿ, ಡಿ, ಜಿ ಎಂದು ಬರೆಯುವುದು ನಮ್ಮ ಪ, ತ, ಕಗಳಿಗೆ ಹತ್ತಿರ. ಪಿ, ಟಿ, ಕೆ ಎಂದು ಬರೆಯುವುದು ಮಹಾಪ್ರಾಣ ಫ, ಥ, ಖಗಳಿಗೆ ಹತ್ತಿರ (ಫಲದ ಫ, ಫ್ಯಾನಿನದಲ್ಲ). ಜೆ ಅಂದರೆ ಚ, ಕ್ಯೂ ಅಂದರೆ ಛ, ಎಕ್ಸ್ ಅಂದರೆ ಶ. ಎಸ್ ಎಚ್ ಜೋಡಿ ನಾಲಿಗೆ ಮಡಚಿದ ಷ. ಸಿ ಅಕ್ಷರ ಕ ಅಲ್ಲ, ಸ ಅಲ್ಲ, ತ್ಸ. ಹೀಗಾಗಿ ಕ್ಯೂ, ಐ, ಎನ್ ಎಂದು ಬರೆದ ಹುಡುಗ ಛಿನ್, ಎಕ್ಸ್, ಯು ಎಂದು ಬರೆದವಳು ಶ್ಯು. ಸ್ವರದ ಏರಿಳಿತ ಹಿಡಿಯಲಾಗದಿದ್ದರೂ ವ್ಯಂಜನ ಸರಿಯಾದರೆ ಮಗು ತಲೆ ಎತ್ತಿ ನೋಡುತ್ತದೆ. ಟೀಚರ್‌ಗೆ ಸುಲಭವಾಗಲಿ ಎಂದು ಇಂಗ್ಲಿಷ್ ಹೆಸರು ಇಟ್ಟುಕೊಳ್ಳಿರೆಂದು ಯಾರೂ ಸೂಚಿಸಬೇಡಿ. ಕುಟುಂಬವೇ ಇಟ್ಟುಕೊಂಡರೆ ಆ ಮಾತು ಬೇರೆ.

ಬೇ_ಏರಿಯಾ_ಪಾಲಕಿ

ಶಾಲೆಗೆ ಸೇರಿಸುವಾಗ ತುಂಬುವ ಮನೆಮಾತಿನ ಸಮೀಕ್ಷೆಯಲ್ಲಿ ಪಾಲಕರು "ಇಂಗ್ಲಿಷ್" ಎಂದು ಬರೆದುಬಿಡುತ್ತಾರೆ, ಮಗುವನ್ನು ಬೇರೆ ಕೂರಿಸುತ್ತಾರೆ ಎಂಬ ಹೆದರಿಕೆಗೆ. ಇದಕ್ಕೆ ಏನು ಹೇಳಬೇಕು?

ದುಭಾಷಿ_ದಾರಿ

ನಿಜ ಬರೆಯಲು ಹೇಳಿ, ಆದರೆ ಮುಂದೇನಾಗುತ್ತದೆ ಎಂಬುದನ್ನೂ ಹೇಳಿ.

ಆ ಸಮೀಕ್ಷೆಯಲ್ಲಿ ನಾಲ್ಕು ಪ್ರಶ್ನೆ: ಮಗು ಮೊದಲು ಕಲಿತ ಮಾತು, ಮನೆಯಲ್ಲಿ ಮಗು ಹೆಚ್ಚು ಆಡುವ ಮಾತು, ಪಾಲಕರು ಮಗುವಿನೊಡನೆ ಹೆಚ್ಚು ಆಡುವ ಮಾತು, ಮನೆಯ ದೊಡ್ಡವರು ಆಡುವ ಮಾತು. ಮೊದಲ ಮೂರರಲ್ಲಿ ಬೇರೆ ಭಾಷೆ ಬಂದರೆ ದಾಖಲಾದ 30 ದಿನಗಳೊಳಗೆ ಎಲ್ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ. ಚೆನ್ನಾಗಿ ಬಂದರೆ ಮಗು ಸಾಮಾನ್ಯ ಪಟ್ಟಿಗೆ ಹೋಗುತ್ತದೆ, ಇಲ್ಲವಾದರೆ ಇಂಗ್ಲಿಷ್ ಕಲಿಯುವವರ ಪಟ್ಟಿಗೆ ಸೇರಿ ದಿನಾಲೂ ಇಂಗ್ಲಿಷ್ ನೆರವು ಸಿಗುತ್ತದೆ. "ಇಂಗ್ಲಿಷ್" ಎಂದು ಸುಳ್ಳು ಬರೆದರೆ ಆ ನೆರವು ತಪ್ಪಿಹೋಗುತ್ತದೆ. ಬರೆದದ್ದನ್ನು ತಿದ್ದಬೇಕಾದರೆ ಪರೀಕ್ಷೆಗೆ ಮುಂಚೆಯೇ ತಿದ್ದಿಸಿ. ಪರೀಕ್ಷೆಯಾದ ಮೇಲೆ ತಿದ್ದಿದರೆ ಸ್ಥಾನ ಬದಲಾಗುವುದಿಲ್ಲ.

ಪಾಲಕರ ಹೆದರಿಕೆಗೂ ಕಾರಣವಿದೆ. ಇಂಗ್ಲಿಷ್ ಕಲಿಯುವವರ ಪಟ್ಟಿಯಿಂದ ಹೊರಬರಲು ಎಲ್ಪ್ಯಾಕ್‌ನಲ್ಲಿ ಒಟ್ಟಾರೆ 4ನೇ ಮಟ್ಟ, ಟೀಚರ್ ಅಭಿಪ್ರಾಯ, ಪಾಲಕರ ಅಭಿಪ್ರಾಯ, ಓದಿನ ಮೂಲ ಕೌಶಲ, ನಾಲ್ಕೂ ಬೇಕು. ಮಾತಾಡುವುದರಲ್ಲಿ ಪಟಪಟ ಇದ್ದು ಬರವಣಿಗೆಯಲ್ಲಿ ಸಿಕ್ಕಿಬಿದ್ದ ಮಕ್ಕಳು ಆರು ವರ್ಷ ದಾಟಿದರೂ ಪಟ್ಟಿಯಲ್ಲೇ ಉಳಿದು, ಮಿಡಲ್ ಸ್ಕೂಲಿನಲ್ಲಿ ಐಚ್ಛಿಕ ವಿಷಯದ ಅವಧಿ ಕಳೆದುಕೊಳ್ಳುತ್ತಾರೆ. ಮೂರನೇ ತರಗತಿಯಿಂದಲೇ ಪ್ರತಿ ವರ್ಷ ನಾಲ್ಕು ವಿಭಾಗಗಳ ಅಂಕವನ್ನು ಬೇರೆ ಬೇರೆ ನೋಡಿ. ಬರವಣಿಗೆ ಹಿಂದಿದ್ದರೆ ಅದಕ್ಕೆ ಏನು ಮಾಡುತ್ತೀರಿ ಎಂದು ಶಾಲೆಯನ್ನು ಕೇಳಬೇಕಾದದ್ದು ಅಲ್ಲೇ.

ಧಾರವಾಡ_ಪೇಡೆ

ಒಂದು ಕೇಳ್ತೀನ್ರಿ, ತಪ್ಪು ತಿಳ್ಕೋಬ್ಯಾಡ್ರಿ. ಇಷ್ಟೆಲ್ಲಾ ಮಾಡೂದ್ಕಿಂತ ಮನ್ಯಾಗ ಅಪ್ಪ ಅವ್ವನೂ ಇಂಗ್ಲಿಷ್‌ನ್ಯಾಗ ಮಾತಾಡಿದ್ರ ಹುಡುಗ್ರಿಗೆ ಸಾಲ್ಯಾಗ ಅನುಕೂಲ ಆಗಂಗಿಲ್ಲೇನು? ಎರಡು ಭಾಷಾ ಕಲಸಿ ಹುಡುಗ ಮಾತಾಡೂದೇ ತಡಾ ಆತು ಅಂತ ಭಾಳ ಮಂದಿ ಹೇಳ್ತಾರ.

ಮಾತು_ತರಬೇತಿ

ಕೇಳಿದ್ದು ಒಳ್ಳೆಯದಾಯಿತು, ಡಾಕ್ಟರುಗಳೂ ಕೆಲವೊಮ್ಮೆ ಈ ಸಲಹೆ ಕೊಡುತ್ತಾರೆ. ಅದು ತಪ್ಪು ಸಲಹೆ.

ಎರಡು ಭಾಷೆಯಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಅಲ್ಪಸ್ವಲ್ಪ ಇಂಗ್ಲಿಷ್ ಬರುವ ತಾಯಿ ಇಂಗ್ಲಿಷಿಗೆ ಬದಲಾದರೆ ಮಗುವಿಗೆ ಸಿಗುವುದು "ಬಾ, ತಿನ್ನು, ಬೇಡ, ಬೇಗ" ಇಷ್ಟೇ. ಕಥೆ, ಕಾರಣ, ನಿನ್ನೆ ನಾಳೆಗಳ ಮಾತು, ಸಿಟ್ಟು ದುಃಖದ ಮಾತು ಎಲ್ಲ ನಿಂತುಹೋಗುತ್ತದೆ. ಇಂಗ್ಲಿಷ್ ಶಾಲೆಯಲ್ಲಿ ಹೇಗೂ ಬರುತ್ತದೆ. ಮನೆಯಲ್ಲಿ ಯಾರಿಗೆ ಯಾವ ಮಾತು ನಿರಾಯಾಸವೋ ಅವರು ಅದನ್ನೇ ಆಡಲಿ.

ಲೆಕ್ಕ ಹೀಗೆ ಹಾಕಿ. 24 ತಿಂಗಳಿಗೆ ಎರಡೂ ಭಾಷೆಯ ಪದ ಕೂಡಿಸಿ 50ಕ್ಕಿಂತ ಕಡಿಮೆಯಿದ್ದರೆ, ಅಥವಾ ಎರಡು ಪದ ಜೋಡಿಸಿ ಹೇಳದಿದ್ದರೆ, ಪರೀಕ್ಷೆ ಮಾಡಿಸಿ, ಕಾಯಬೇಡಿ. ಇಂಗ್ಲಿಷ್ ಪದ ಮಾತ್ರ ಎಣಿಸಿದರೆ ಸರಿಯಾಗಿರುವ ಮಗುವೂ ಹಿಂದೆ ಬಿದ್ದಂತೆ ಕಾಣುತ್ತದೆ.

ತೊಂದರೆ ಯಾವುದು, ಭಾಷೆಯ ಪ್ರಭಾವ ಯಾವುದು? ಮ್ಯಾಂಡರಿನ್‌ನಲ್ಲಿ ವ್ಯಂಜನಗಳ ಒತ್ತು ಜೋಡಿ ಇಲ್ಲ, ಪದದ ಕೊನೆಗೆ ಬರುವ ವ್ಯಂಜನ ಹೆಚ್ಚಾಗಿ ಎರಡೇ, ಅನುನಾಸಿಕಗಳು. ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ, ಬಹುವಚನ ಪ್ರತ್ಯಯವೂ ವಿರಳ. ಅವನು, ಅವಳು ಎರಡಕ್ಕೂ ಆಡುವಾಗ ಒಂದೇ ಸದ್ದು. ಹಾಗಾಗಿ ಪದದ ಕೊನೆ ನುಂಗುವುದು, "ನಿನ್ನೆ ಹೋಗು" ಎಂಬಂಥ ವಾಕ್ಯ, ಹುಡುಗಿಯನ್ನು ಹುಡುಗನ ಸರ್ವನಾಮದಿಂದ ಕರೆಯುವುದು, ಇವು ಇಂಗ್ಲಿಷಿನಲ್ಲಿ ಕಂಡರೆ ಕಾಯಿಲೆಯಲ್ಲ. ಚೀನೀ ಭಾಷೆಯಲ್ಲೂ ವಾಕ್ಯ ಚಿಕ್ಕದು, ಹೇಳಿದ್ದು ತಿಳಿಯುವುದಿಲ್ಲ, ಓರಗೆಯ ಸೋದರ ಸಂಬಂಧಿಗಳಿಗಿಂತ ಹಿಂದಿದೆ ಎಂದು ಅಜ್ಜಿ ಹೇಳಿದರೆ, ಅದು ತೊಂದರೆ. ಅಜ್ಜಿಯ ಮಾತನ್ನು ವರದಿಯಲ್ಲಿ ಬರೆಸಿ.

ಪರೀಕ್ಷೆಗೆ ದಾರಿ: ಮೂರು ವರ್ಷದೊಳಗಿನ ಮಗುವಾದರೆ ಬೆಳವಣಿಗೆಯ ತೊಂದರೆಯಿರುವವರಿಗೆ ನೆರವು ಕೊಡುವ, ನಿಮ್ಮ ಪ್ರದೇಶದ ರೀಜನಲ್ ಸೆಂಟರಿಗೆ ಫೋನ್ ಮಾಡಿ. ಫ್ರೀಮಾಂಟ್‌ಗೆ ಈಸ್ಟ್ ಬೇ, ಕೂಪರ್ಟಿನೊಗೆ ಸ್ಯಾನ್ ಆಂಡ್ರಿಯಸ್, ಸ್ಯಾನ್ ಫ್ರಾನ್ಸಿಸ್ಕೊಗೆ ಗೋಲ್ಡನ್ ಗೇಟ್. 45 ದಿನದೊಳಗೆ ಪರೀಕ್ಷೆ ಮುಗಿದು ಯೋಜನೆಯ ಸಭೆ ಆಗಬೇಕು. ಮೂರು ದಾಟಿದರೆ ಶಾಲಾ ಜಿಲ್ಲೆಗೆ ಲಿಖಿತ ಅರ್ಜಿ. ಅದನ್ನು ಚೀನೀ ಭಾಷೆಯಲ್ಲೇ ಬರೆದರೂ ಆಗುತ್ತದೆ, ದಿನಾಂಕ ಹಾಕಿ ನಕಲು ಇಟ್ಟುಕೊಳ್ಳಿ. ಬಾಯಿಮಾತಿನ ಕೋರಿಕೆಗೆ ದಿನ ಎಣಿಕೆ ಶುರುವಾಗುವುದೇ ಇಲ್ಲ, ಬಹಳ ಕುಟುಂಬಗಳು ಇಲ್ಲೇ ಒಂದು ವರ್ಷ ಕಳೆದುಕೊಳ್ಳುತ್ತವೆ. ಅರ್ಜಿಯಿಂದ 15 ದಿನದಲ್ಲಿ ಪರೀಕ್ಷಾ ಯೋಜನೆ ಬರಬೇಕು, ಪಾಲಕರ ಸಹಿಯಿಂದ 60 ದಿನದಲ್ಲಿ ಐಇಪಿ (ಆ ಮಗುವಿಗೆಂದೇ ಮಾಡುವ ವಿಶೇಷ ಶಿಕ್ಷಣ ಯೋಜನೆ) ಸಭೆ. ಐದು ಶಾಲಾ ದಿನಕ್ಕಿಂತ ಉದ್ದದ ರಜೆ ಬಂದರೆ ಎಣಿಕೆ ನಿಲ್ಲುತ್ತದೆ, ಹಾಗಾಗಿ ಏಪ್ರಿಲ್ ನಂತರ ಸಹಿ ಹಾಕಿದರೆ ಸಭೆ ಆಗಸ್ಟ್, ಸೆಪ್ಟೆಂಬರಿಗೆ ಜಾರುತ್ತದೆ. ವರದಿಗಳ ನಕಲನ್ನು ಸಭೆಗೆ ಮುಂಚೆ ಕೇಳಿ ಪಡೆಯಿರಿ. ಸಭೆಯಲ್ಲಿ ಅಂದೇ ಸಹಿ ಹಾಕಬೇಕಿಲ್ಲ, ಮನೆಗೆ ತಂದು ಓದಿಸಿಕೊಳ್ಳಬಹುದು.

ನೆಂಟರಲ್ಲಿ ಗೊತ್ತಾದರೆ ಮರ್ಯಾದೆ ಹೋಗುತ್ತದೆ ಎಂಬ ಸಂಕೋಚ ಬಹಳ ಮನೆಗಳಲ್ಲಿದೆ. ಅದಕ್ಕೆ ಅದೇ ಹಾದಿಯಲ್ಲಿ ನಡೆದ ಇನ್ನೊಂದು ಚೀನೀ ಕುಟುಂಬದ ಮಾತಿನಷ್ಟು ಪರಿಣಾಮ ಬೇರೆ ಯಾವುದಕ್ಕೂ ಇಲ್ಲ. ಫ್ರೀಮಾಂಟ್‌ನ ಫ್ರೆಂಡ್ಸ್ ಆಫ್ ಚಿಲ್ಡ್ರನ್ ವಿತ್ ಸ್ಪೆಶಲ್ ನೀಡ್ಸ್ ಸಂಸ್ಥೆಯನ್ನು 1996ರಲ್ಲಿ ಹತ್ತು ಕುಟುಂಬಗಳು ಸೇರಿ ಶುರು ಮಾಡಿದವು. ಮೊದಲು ಅಂಥ ಕಡೆ ಕಳಿಸಿ.

ಶಾಲಾ_ದಾದಿ

ಲಸಿಕೆಯ ವಿಷಯ. ಚೀನಾದ ಲಸಿಕೆ ಪುಸ್ತಕದಲ್ಲಿ ಎಲ್ಲ ಚೌಕ ತುಂಬಿದ್ದರೂ ಇಲ್ಲಿ ಮಗುವನ್ನು ತರಗತಿಗೆ ಬಿಡುವುದಿಲ್ಲ, ಪಾಲಕರಿಗೆ ಇದು ಅವಮಾನ ಅನ್ನಿಸುತ್ತದೆ. ಕಾರಣ ಎರಡು. 2020ರ ಜೂನ್‌ನಿಂದ ಚೀನಾದಲ್ಲಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಕೊಡುವುದು 8 ಮತ್ತು 18 ತಿಂಗಳಿಗೆ. ಅಮೆರಿಕದಲ್ಲಿ ಮೊದಲ ಹುಟ್ಟುಹಬ್ಬಕ್ಕೆ ಮುಂಚಿನ ಡೋಸು ಲೆಕ್ಕಕ್ಕಿಲ್ಲ. ಹಾಗಾಗಿ ಕಿಂಡರ್‌ಗಾರ್ಟನ್‌ಗೆ ಬೇಕಾದ ಎರಡರಲ್ಲಿ ಒಂದು ಕಡಿಮೆ ಬೀಳುತ್ತದೆ. (ನಮ್ಮೂರಲ್ಲಿ 9 ತಿಂಗಳಿಗೆ ಹಾಕಿಸಿದ ಎಂಆರ್ ಡೋಸಿಗೂ ಇದೇ ಗತಿ. ಬೆಂಗಳೂರಿನಿಂದ ಬರುವವರೂ ನೋಡಿಕೊಳ್ಳಿ.) ಎರಡನೆಯದು ಚಿಕನ್‌ಪಾಕ್ಸ್ ಲಸಿಕೆ. ಅದು ಚೀನಾದ ರಾಷ್ಟ್ರೀಯ ಉಚಿತ ಪಟ್ಟಿಯಲ್ಲಿಲ್ಲ, ಹಲವು ಕಡೆ ಹಣ ಕೊಟ್ಟು ಹಾಕಿಸಬೇಕು. ಇಲ್ಲಿ ಎರಡು ಡೋಸು ಕಡ್ಡಾಯ. ಜುಲೈನಲ್ಲೇ ಪುಸ್ತಕ ತರಿಸಿ ನೋಡಿದರೆ ಆಗಸ್ಟಿನ ಗಡಿಬಿಡಿ ತಪ್ಪುತ್ತದೆ.

ಹುಟ್ಟಿದಾಗ ಬಿಸಿಜಿ ಹಾಕಿಸಿಕೊಂಡ ಮಕ್ಕಳಿಗೆ ಕ್ಷಯದ ಚರ್ಮ ಪರೀಕ್ಷೆ ಸುಳ್ಳೇ ಪಾಸಿಟಿವ್ ಬರಬಹುದು. ಎರಡು ವರ್ಷ ದಾಟಿದ್ದರೆ ಐಜಿಆರ್‌ಎ ರಕ್ತ ಪರೀಕ್ಷೆ ಕೇಳಿ.

ಗುವಾ ಶಾ ಬಗ್ಗೆ ಎಲ್ಲ ಶಾಲೆಗಳಿಗೂ ತಿಳಿದಿರಬೇಕು. ಜ್ವರ, ಮೈಕೈ ನೋವಿಗೆ ಎಣ್ಣೆ ಹಚ್ಚಿ ಚಮಚ ಅಥವಾ ನಯವಾದ ಅಂಚಿನಿಂದ ಬೆನ್ನು ಕೆರೆಯುವ ಚಿಕಿತ್ಸೆ ಅದು. ಬೆನ್ನಿನ ಎರಡೂ ಬದಿ ಸಮನಾಗಿ ಉದ್ದುದ್ದ ಕೆಂಪು ಗೆರೆ ಏಳುತ್ತವೆ, ಕೆಲವೇ ದಿನಗಳಲ್ಲಿ ಮಾಸುತ್ತವೆ. ಬಟ್ಟಲಿಟ್ಟು ಹೀರಿಸಿದರೆ ದುಂಡಗಿನ ಕಲೆ. ಶಿಶುಗಳ ಸೊಂಟದ ಕೆಳಗಿನ ನೀಲಿ ಮಚ್ಚೆ ಹುಟ್ಟಿನಿಂದ ಬಂದದ್ದು, ಅದು ದಿನದಿಂದ ದಿನಕ್ಕೆ ಬಣ್ಣ ಬದಲಿಸುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟೀಚರ್‌ಗೆ ಸಮಂಜಸ ಅನುಮಾನ ಬಂದರೆ ಕೂಡಲೇ ಫೋನ್, 36 ಗಂಟೆಯಲ್ಲಿ ಲಿಖಿತ ವರದಿ ಕಡ್ಡಾಯ. ಗುವಾ ಶಾ ಗೊತ್ತಿಲ್ಲದ ಕಡೆ ಜ್ವರಕ್ಕೆ ಉಪಚಾರ ಮಾಡಿದ ಅಜ್ಜಿ ತನಿಖೆ ಎದುರಿಸಬೇಕಾಗುತ್ತದೆ. ಪಾಲಕರಿಗೆ ಹೇಳಿಕೊಡಿ: ಗುವಾ ಶಾ ಮಾಡಿದ್ದರೆ ಮಾರನೆಯ ದಿನ ದಾದಿಗೆ ಒಂದು ಚೀಟಿ ಕಳಿಸಿ. ಹಾಗೆಯೇ ಹೊಡೆಯುವುದು ಇಲ್ಲಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಮುಚ್ಚಿಡದೆ ಮೊದಲೇ ಹೇಳಿ: ಕೋಲು, ಬೆಲ್ಟು, ಗುರುತು ಬೀಳುವ ಪೆಟ್ಟು ತನಿಖೆಗೆ ದಾರಿ.

ದಕ್ಷಿಣ ಚೀನಾದ, ಅದರಲ್ಲೂ ಗ್ವಾಂಗ್‌ಡಾಂಗ್, ಗ್ವಾಂಗ್‌ಶಿ ಕಡೆಯ ಕುಟುಂಬಗಳಲ್ಲಿ ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಹೆಚ್ಚು. ಅಂಥ ಶಿಶುವಿಗೆ ನುಸಿಗುಳಿಗೆಯ ಜೊತೆ ಇಟ್ಟಿದ್ದ ಹಳೆಯ ಬಟ್ಟೆ, ರಜಾಯಿ ತೊಡಿಸಿದರೆ ನ್ಯಾಫ್ತಲೀನ್‌ನಿಂದ ರಕ್ತಕಣ ಒಡೆದು ಕಾಮಾಲೆ ಏರಿ ಮಿದುಳಿಗೇ ಹಾನಿಯಾಗಬಹುದು. ಪೂರ್ವ ಏಷ್ಯಾದ ಶಿಶುಗಳಲ್ಲಿ ಕಾಮಾಲೆ ಮೊದಲೇ ಹೆಚ್ಚು. ಹೆರಿಗೆಯಾದ ತಾಯಿ ಒಂದು ತಿಂಗಳು ಮನೆ ಬಿಟ್ಟು ಹೊರಡದ ಪದ್ಧತಿ ನಮ್ಮ ಬಾಣಂತನದ ಹಾಗೇ ಅಲ್ಲೂ ಇದೆ. ಅದನ್ನು ಮುರಿಯಿರಿ ಎಂದು ಜಗಳಕ್ಕೆ ಹೋಗಬೇಡಿ, 3ರಿಂದ 5ನೇ ದಿನದ ತಪಾಸಣೆಗೆ ಶಿಶುವನ್ನು ಅಪ್ಪನೋ ಅಜ್ಜಿಯೋ ಕರೆತರಲಿ ಎಂದರೆ ಒಪ್ಪುತ್ತಾರೆ. ತಾಯಿಗೆ ಹೆಪಟೈಟಿಸ್ ಬಿ ಇದ್ದರೆ ಹುಟ್ಟಿದ 12 ಗಂಟೆಯೊಳಗೆ ಲಸಿಕೆಯೂ ಇಮ್ಯುನೊಗ್ಲಾಬ್ಯುಲಿನ್ನೂ ಬೇಕು, 9ರಿಂದ 12 ತಿಂಗಳಲ್ಲಿ ಶಿಶುವಿನ ರಕ್ತ ಪರೀಕ್ಷೆ. ಈ ಕೊನೆಯದೇ ಮರೆತುಹೋಗುವುದು.

ಊಟ: ಬೆಳಗ್ಗೆ ಥರ್ಮಾಸ್‌ಗೆ ಕುದಿವ ನೀರು ಹಾಕಿ ಐದು ಹತ್ತು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಬಿಸಿ ಅನ್ನ, ಪಲ್ಯ ತುಂಬಿದರೆ ಮಧ್ಯಾಹ್ನಕ್ಕೂ 60 ಡಿಗ್ರಿ ಉಳಿಯುವ ಸಾಧ್ಯತೆ ಹೆಚ್ಚು. ತಣ್ಣನೆಯ ಹಾಲು ಒಗ್ಗದ ಮಗುವಿಗೆ ಬಿಸಿನೀರಿನ ಬಾಟಲಿ ತರಗತಿಯಲ್ಲಿ ಇಟ್ಟುಕೊಳ್ಳಲು ಟೀಚರ್ ಅನುಮತಿ ಮೊದಲ ವಾರವೇ ಪಡೆಯಿರಿ.

ಬ್ರೂಕ್ಲಿನ್_ಕಡೆಯವರು

ಬೇ ಏರಿಯಾದ ಎಂಜಿನಿಯರ್ ಕುಟುಂಬಗಳ ಚಿತ್ರ ಇಟ್ಟುಕೊಂಡು ನ್ಯೂಯಾರ್ಕ್‌ಗೆ ಬಂದರೆ ದಾರಿ ತಪ್ಪುತ್ತದೆ. ಮ್ಯಾನ್‌ಹ್ಯಾಟನ್‌ನ ಈಸ್ಟ್ ಬ್ರಾಡ್‌ವೇ, ಬ್ರೂಕ್ಲಿನ್‌ನ ಸನ್‌ಸೆಟ್ ಪಾರ್ಕ್ ಕಡೆ ಫೂಜಿಯಾನ್ ಪ್ರಾಂತ್ಯದ ಛಾಂಗ್‌ಲೆ, ಲಿಯೆನ್‌ಜಿಯಾಂಗ್ ಮೊದಲಾದ ಊರುಗಳ ಜನ. ಬಹಳ ಮಂದಿ ದೂರದ ರಾಜ್ಯಗಳ ರೆಸ್ಟೋರೆಂಟುಗಳಲ್ಲಿ ವಾರಕ್ಕೆ ಆರು ದಿನ ದುಡಿಯುತ್ತಾರೆ. ಕೂಸನ್ನು ಕೆಲವೇ ತಿಂಗಳಿಗೆ ಊರಿನ ಅಜ್ಜ ಅಜ್ಜಿಯ ಹತ್ತಿರ ಕಳಿಸಿ, ಶಾಲೆಗೆ ಸೇರಿಸುವ ವಯಸ್ಸಿಗೆ, ನಾಲ್ಕೈದು ವರ್ಷಕ್ಕೆ ವಾಪಸು ಕರೆಸಿಕೊಳ್ಳುತ್ತಾರೆ. ಇದನ್ನು ಅಸಡ್ಡೆ ಎಂದು ತೀರ್ಮಾನಿಸುವ ಟೀಚರುಗಳಿಂದ ಕುಟುಂಬ ದೂರ ಸರಿಯುತ್ತದೆ. ಮಗುವಿನ ಆರೈಕೆಯ ಬೆಲೆ ಮತ್ತು ದುಡಿಮೆಯ ಹೊತ್ತು ಎರಡನ್ನೂ ಕೂಡಿಸಿ ನೋಡಿದರೆ ಅವರ ಮುಂದೆ ಹೆಚ್ಚು ದಾರಿಗಳಿರಲಿಲ್ಲ.

ವಾಪಸಾತಿಗೆ ಆರು ತಿಂಗಳು ಮುಂಚೆಯೇ ಕೆಲಸ ಶುರುವಾಗಬೇಕು. ಹುಟ್ಟಿದಾಗ ಮಾಡಿಸಿದ ಅಮೆರಿಕದ ಪಾಸ್‌ಪೋರ್ಟಿಗೆ ಐದೇ ವರ್ಷ ಆಯುಸ್ಸು, ಮಗು ಮರಳುವ ಹೊತ್ತಿಗೆ ಸರಿಯಾಗಿ ಮುಗಿದಿರುತ್ತದೆ. ಫೂಜಿಯಾನ್ ಗ್ವಾಂಗ್‌ಚೌ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತದೆ. 16ರ ಒಳಗಿನ ಮಗು ಖುದ್ದಾಗಿ ಹೋಗಬೇಕು, ಅಪ್ಪ ಅಮ್ಮ ಇಬ್ಬರ ಒಪ್ಪಿಗೆ ಬೇಕು, ಬರಲಾಗದವರು ಡಿಎಸ್-3053 ನಮೂನೆಯನ್ನು ನೋಟರಿ ಮಾಡಿಸಿ ಕಳಿಸಬೇಕು.

ಅಪ್ಪ ಅಮ್ಮ ಪ್ರತಿದಿನ ಒಂದೇ ಹೊತ್ತಿಗೆ ವಿಡಿಯೊ ಕರೆ ಮಾಡಲಿ. ಬೇಸಿಗೆಯಲ್ಲಿ ನ್ಯೂಯಾರ್ಕಿಗೂ ಫೂಚೌಗೂ ಸರಿಯಾಗಿ 12 ಗಂಟೆ ಅಂತರ, ಚಳಿಗಾಲದಲ್ಲಿ 13. ಇಲ್ಲಿನ ಬೆಳಗ್ಗೆ ಏಳಕ್ಕೆ ಅಲ್ಲಿ ರಾತ್ರಿ ಮಲಗುವ ಹೊತ್ತು. "ನನ್ನ ನೆನಪಿದೆಯಾ?" ಎಂದು ಮಗುವನ್ನು ಪರೀಕ್ಷೆ ಮಾಡಬೇಡಿ. ಒಂದು ಚಿತ್ರಪುಸ್ತಕದ ಎರಡು ಪ್ರತಿ ಇಟ್ಟುಕೊಂಡು ಎರಡೂ ಕಡೆ ಒಂದೇ ಪುಟ ತೆರೆದು ಓದಿ. ಮಗು ಬರುವಾಗ ಹೊದ್ದು ಮಲಗುತ್ತಿದ್ದ ಹೊದಿಕೆ ಒಗೆಯದೆ ತರಬೇಕು, ಆ ವಾಸನೆ ಬೇಕು. ಸಾಧ್ಯವಾದರೆ ಅಜ್ಜಿ ಜೊತೆಗೆ ಬಂದು ಕೆಲವು ವಾರ ಇರಲಿ. ಅಜ್ಜಿ ಹೊರಡುವಾಗ ಮಗು ನಿದ್ದೆಯಲ್ಲಿದ್ದಾಗ ಕದ್ದು ಹೋಗುವುದೇ ಅತಿ ದೊಡ್ಡ ತಪ್ಪು. ಆಮೇಲೆ ತಿಂಗಳುಗಟ್ಟಲೆ ಅದು ನಿದ್ದೆಗೇ ಹೆದರುತ್ತದೆ. ಹಗಲಲ್ಲಿ ಹೇಳಿ, ಅಳಲು ಬಿಟ್ಟು ಹೋಗಿ.

ಮೊದಲ ತಿಂಗಳುಗಳಲ್ಲಿ ಮಗು ತಿಂಡಿ ಬಚ್ಚಿಡಬಹುದು, ಅಮ್ಮ ಎನ್ನದಿರಬಹುದು, ಹೊಡೆಯಬಹುದು, ಮಾತು ನಿಲ್ಲಿಸಬಹುದು. ಅಮ್ಮ ಎಂದು ಕರೆಯಲು ಒತ್ತಾಯ ಬೇಡ. ಅಜ್ಜಿಯ ಜೊತೆ ಕರೆ ನಿಲ್ಲಿಸಿದರೆ ಬೇಗ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಅದು ಎರಡನೆಯ ಅಗಲಿಕೆ ಮಾತ್ರ. ಕರೆ ಮುಂದುವರಿಸಿ.

ಶಾಲೆಯಲ್ಲಿ ಮೌನದ ಬಗ್ಗೆ: ಹೊಸ ಭಾಷೆಯ ಎದುರು ಕೆಲವು ತಿಂಗಳು ಸುಮ್ಮನಿರುವುದು ಸಹಜ. ಆಗ ಮಗು ಕೈಸನ್ನೆ ಮಾಡುತ್ತದೆ, ಆಟಕ್ಕೆ ಸೇರುತ್ತದೆ, ತನ್ನ ಮಾತು ಬಲ್ಲ ಇನ್ನೊಂದು ಮಗು ಸಿಕ್ಕರೆ ಮಾತಾಡುತ್ತದೆ. ಮನೆಯಲ್ಲಿ ಸರಾಗವಾಗಿ ಮಾತಾಡುವ ಮಗು ಶಾಲೆಯಲ್ಲಿ ತನ್ನದೇ ಭಾಷೆಯ ಮಗುವಿನ ಜೊತೆಗೂ ಮಾತಾಡದೆ ಸೆಟೆದು ನಿಂತರೆ, ಮತ್ತು ಇದು ಶಾಲೆಯ ಮೊದಲ ತಿಂಗಳು ಕಳೆದ ಮೇಲೂ ಮುಂದುವರಿದರೆ, ತಜ್ಞರಿಗೆ ತೋರಿಸಿ. ಇಲ್ಲಿನ ಚಾರ್ಲ್ಸ್ ಬಿ. ವಾಂಗ್ ಸಮುದಾಯ ಆರೋಗ್ಯ ಕೇಂದ್ರಕ್ಕೂ 1965ರಲ್ಲಿ ಶುರುವಾದ ಚೈನೀಸ್-ಅಮೆರಿಕನ್ ಪ್ಲಾನಿಂಗ್ ಕೌನ್ಸಿಲ್‌ಗೂ ಈ ಕುಟುಂಬಗಳ ಪರಿಚಯ ಚೆನ್ನಾಗಿದೆ.

ಅಕ್ಷರ_ಬಲ್ಲವರು

ಚೀನೀ ಓದುಬರಹ ಉಳಿಸಿಕೊಳ್ಳುವ ಬಗ್ಗೆ ಯಾರೂ ಬರೆದಿಲ್ಲ. ಕನ್ನಡ ಕಲಿ ತರಗತಿ ನಡೆಸುವವರು ಇಲ್ಲಿ ಹೋಲಿಸಿ ನೋಡಬಹುದು, ಆದರೆ ಹೊರೆ ಒಂದೇ ಅಲ್ಲ. ನಮ್ಮ ಮಗು ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರ ಕಲಿತರೆ ತಿಳಿಯದ ಪದವನ್ನೂ ಓದುತ್ತದೆ. ಚೀನಾದ ಪಠ್ಯಕ್ರಮದಲ್ಲಿ ಮೊದಲೆರಡು ತರಗತಿಯಲ್ಲೇ ಸುಮಾರು 1,600 ಅಕ್ಷರ ಗುರುತಿಸಬೇಕು, 800 ಬರೆಯಬೇಕು. ಆರನೇ ತರಗತಿ ಮುಗಿಯುವಾಗ 3,000 ಗುರುತು, 2,500 ಬರಹ. ವಾರಕ್ಕೆ ಎರಡು ಗಂಟೆಯ ಭಾನುವಾರದ ಶಾಲೆ ಈ ಗುರಿ ಇಟ್ಟುಕೊಂಡರೆ ನಾಲ್ಕನೇ ತರಗತಿಗೆ ಮಗು ಪುಸ್ತಕ ಎಸೆಯುತ್ತದೆ.

ಓದುವುದನ್ನೂ ಬರೆಯುವುದನ್ನೂ ಬೇರೆ ಮಾಡಿ. ದಿನಕ್ಕೆ 15ರಿಂದ 20 ನಿಮಿಷ, ವಾರಕ್ಕೆ ಐದು ದಿನ. ಓದಲು ವಾರಕ್ಕೆ ಎಂಟು ಹತ್ತು ಹೊಸ ಅಕ್ಷರ, ಕೈಯಲ್ಲಿ ಬರೆಯಲು ಎರಡು ಮೂರು ಸಾಕು. ದೊಡ್ಡ ಮಕ್ಕಳು ಉಳಿದದ್ದನ್ನು ಪಿನ್‌ಯಿನ್ ಕೀಲಿಮಣೆಯಲ್ಲಿ ಟೈಪ್ ಮಾಡಲಿ. ಪಿನ್‌ಯಿನ್ ಅನ್ನು ಕಿಂಡರ್‌ಗಾರ್ಟನ್‌ನಲ್ಲಿ ಶುರು ಮಾಡಬೇಡಿ. ಅದೇ ವರ್ಷ ಶಾಲೆಯಲ್ಲಿ ಸಿ, ಕ್ಯೂ, ಎಕ್ಸ್ ಅಕ್ಷರಗಳ ಇಂಗ್ಲಿಷ್ ಸದ್ದು ಕಲಿಯುತ್ತಿರುತ್ತದೆ, ಎರಡೂ ಕಲಸಿಹೋಗುತ್ತವೆ. ಇಂಗ್ಲಿಷ್ ಓದು ಗಟ್ಟಿಯಾದ ಮೇಲೆ, ಎರಡನೇ ತರಗತಿಯ ಸುಮಾರಿಗೆ ಕಲಿಸಿ. ಅಲ್ಲಿಯವರೆಗೆ ನೇರ ಅಕ್ಷರ. ತೈವಾನ್ ಕುಟುಂಬಗಳಿಗೆ ಈ ತೊಂದರೆ ಇಲ್ಲ, ಉಚ್ಚಾರ ಬರೆಯುವ ಅವರ 37 ಚಿಹ್ನೆಗಳ ಜುಯಿನ್ ಇಂಗ್ಲಿಷ್ ಅಕ್ಷರಗಳಿಂದ ಪೂರ್ತಿ ಬೇರೆ.

ಭಾಷೆಗೆ ಮನೆಯಲ್ಲಿ ಒಂದು ಕೆಲಸ ಇರಬೇಕು. ಅಂಗಡಿಯ ಪಟ್ಟಿ ಚೀನೀ ಅಕ್ಷರದಲ್ಲಿ ಇರಲಿ. ಅಜ್ಜನ ಜೊತೆ ಕರೆ ಮಾಡುವಾಗ ಬರೀ ಕ್ಷೇಮಸಮಾಚಾರ ಬೇಡ, ಒಂದು ಅಡುಗೆಯ ಅಳತೆ ಕೇಳಿ ಬರೆದುಕೊಳ್ಳುವ ಕೆಲಸ ಕೊಡಿ. ಹೈಸ್ಕೂಲಿನವರಿಗೆ ಫಲವೂ ಇದೆ: ಎಪಿ ಚೈನೀಸ್ ಎಂಬ ಕಾಲೇಜು ಮಟ್ಟದ ಪರೀಕ್ಷೆ 2007ರಿಂದ ನಡೆಯುತ್ತಿದೆ, ಅದರಲ್ಲಿ 3 ಅಥವಾ ಹೆಚ್ಚು ಬಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಅನ್ಯಭಾಷಾ ಅಗತ್ಯ ಪೂರೈಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವೆಸ್ಟ್ ಪೋರ್ಟಲ್, ಆಲಿಸ್ ಫಾಂಗ್ ಯು ಶಾಲೆಗಳಂಥ ಕ್ಯಾಂಟನೀಸ್ ಇಮ್ಮರ್ಶನ್ (ಆ ಭಾಷೆಯಲ್ಲೇ ಪಾಠ) ಇರುವ ಸರ್ಕಾರಿ ಶಾಲೆಗಳೂ ಇವೆ.

ಧಾರವಾಡ_ಪೇಡೆ

ಇಷ್ಟು ವಿವರವಾಗಿ ಹೇಳಿದ್ರಿ, ಭಾಳ ಉಪಕಾರ ಆತು. ದೊಡ್ಡ ಹುಡುಗ್ರ ಬಗ್ಗೆ? ಹೈಸ್ಕೂಲ್ ಮುಟ್ಟಿದ ಮ್ಯಾಲೆ ಅಪ್ಪ ಅವ್ವನ ಜೋಡಿ ಮಾತೇ ಇರಂಗಿಲ್ಲ ಅಂತಾರಲ್ರಿ.

ಶಾಲಾ_ದಾದಿ

ಮಾತು ನಿಲ್ಲುವುದಕ್ಕೆ ಒಂದು ಕಾರಣ ಮೇಲೆ ಬಂದಿದೆ: ಚಿಕ್ಕಂದಿನಿಂದ ದುಭಾಷಿಯ ಕೆಲಸ, ಮನೆಮಾತು ಅಡುಗೆಮನೆಯ ಮಟ್ಟಕ್ಕೇ ನಿಂತಿರುವುದು. ಹದಿನಾರರ ಹುಡುಗಿಗೆ ತನ್ನ ಮನಸ್ಸಿನ ಸ್ಥಿತಿ ಹೇಳಲು ಚೀನೀ ಪದಗಳಿಲ್ಲ, ಅಮ್ಮನಿಗೆ ಇಂಗ್ಲಿಷ್ ಪದಗಳಿಲ್ಲ.

ಬೇಸರ, ಖಿನ್ನತೆ ಈ ಮಕ್ಕಳಲ್ಲಿ ಹೊಟ್ಟೆನೋವು, ತಲೆನೋವು, ನಿದ್ದೆ ಬಾರದಿರುವುದಾಗಿ ಮೊದಲು ಕಾಣಬಹುದು. ಪಾಲಕರ ಜೊತೆ ನಿದ್ದೆಯಿಂದಲೇ ಮಾತು ಶುರು ಮಾಡಿ. 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಕಡಿಮೆಯಾದರೆ ನೆನಪಿನ ಶಕ್ತಿ, ಅಂಕ ಎರಡೂ ಇಳಿಯುತ್ತವೆ ಎಂಬುದು ಅವರಿಗೆ ನಾಟುತ್ತದೆ. ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿ ಎರಡೂ ಚೀನೀ ಲಿಪಿಗಳಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ 12 ದಾಟಿದವರು ಹೊರರೋಗಿಯಾಗಿ ಆಪ್ತಸಮಾಲೋಚನೆಗೆ ತಾವೇ ಒಪ್ಪಿಗೆ ಕೊಡಬಹುದು. ಆದರೂ ಪಾಲಕರನ್ನು ಕತ್ತಲೆಯಲ್ಲಿಟ್ಟು ನಡೆಸಿದ ನೆರವು ಈ ಮನೆಗಳಲ್ಲಿ ಬಾಳಿಕೆ ಬರುವುದಿಲ್ಲ. ಸಲಹೆಗಾರರೇ ದುಭಾಷಿಯ ಜೊತೆ ಅಪ್ಪ ಅಮ್ಮನನ್ನು ಕರೆದು, ಮಗುವಿನ ಗುಟ್ಟು ಕಾಪಾಡಿಕೊಂಡೇ, ತಾವು ಏನು ಕೆಲಸ ಮಾಡುತ್ತೇವೆ ಎಂಬುದನ್ನು ವಿವರಿಸಬೇಕು.

ಅಪಾಯದ ಸ್ಥಿತಿಯಲ್ಲಿ 988, ಆತ್ಮಹತ್ಯೆ ತಡೆಯುವ ಸಹಾಯವಾಣಿ. ಧ್ವನಿ ಕರೆ ಮಾಡಿ "ಮ್ಯಾಂಡರಿನ್" ಅಥವಾ "ಕ್ಯಾಂಟನೀಸ್" ಎಂದು ಇಂಗ್ಲಿಷಿನಲ್ಲಿ ಒಂದು ಪದ ಹೇಳಿ ಕಾದರೆ ದುಭಾಷಿ ಬರುತ್ತಾರೆ. ಸಂದೇಶ ಮತ್ತು ಚಾಟ್ ಇಂಗ್ಲಿಷ್, ಸ್ಪ್ಯಾನಿಷ್‌ನಲ್ಲಿ ಮಾತ್ರ, ಆದ್ದರಿಂದ ಪಾಲಕರಿಗೆ ಕರೆ ಮಾಡುವುದನ್ನೇ ಹೇಳಿಕೊಡಿ. ಈ ಸಂಖ್ಯೆಯನ್ನು ಅಮ್ಮನ ಫೋನಿನಲ್ಲೂ ಅಜ್ಜಿಯ ಫೋನಿನಲ್ಲೂ ಚೀನೀ ಹೆಸರಿನಲ್ಲಿ ಉಳಿಸಿಕೊಡಿ.

ಬೇ_ಏರಿಯಾ_ಪಾಲಕಿ

ಎಲ್ಲವನ್ನೂ ಓದುತ್ತಿದ್ದೇನೆ. ಒಂದೇ ಪ್ರಶ್ನೆ ಉಳಿಯಿತು: ಪಾಲಕರ ವೀಚಾಟ್ (ಚೀನೀಯರು ಬಳಸುವ ಸಂದೇಶದ ಆ್ಯಪ್) ಗುಂಪಿಗೆ ಶಾಲೆಯ ಸುದ್ದಿ ಹಾಕಬಹುದೆ? ಶಾಲೆಯ ಆ್ಯಪ್‌ನಲ್ಲಿ ಹಾಕಿದ್ದನ್ನು ಯಾರೂ ನೋಡುವುದಿಲ್ಲ.

ದುಭಾಷಿ_ದಾರಿ

ಹಾಕಿ, ಎರಡು ಎಚ್ಚರಿಕೆಯೊಂದಿಗೆ. ಯಾವ ಮಗುವಿನ ಹೆಸರು, ಅಂಕ, ಫೋಟೊ, ಶಿಸ್ತಿನ ಸಂಗತಿ ಅಲ್ಲಿ ಬರಬಾರದು. ಚೀನಾದ ತರಗತಿ ಗುಂಪುಗಳಲ್ಲಿ ಕಂಡು ರೂಢಿಯಾದವರು ಇಲ್ಲೂ ಹಾಗೇ ಹಾಕಿಬಿಡುತ್ತಾರೆ, ಆದ್ದರಿಂದ ನಿಯಮವನ್ನು ಗುಂಪಿನ ತಲೆಬರಹದಲ್ಲೇ ಬರೆದಿಡಿ. ಸುದ್ದಿಯನ್ನು ಚಿತ್ರವಾಗಿ ಹಾಕಬೇಡಿ, ಅಕ್ಷರವಾಗಿ ಅಂಟಿಸಿ, ಒಂದೇ ಒತ್ತಿನಲ್ಲಿ ಅವರ ಭಾಷೆಗೆ ತಿರುಗುತ್ತದೆ. ದಿನಾಂಕವನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯಿರಿ. ಅಮೆರಿಕದ ಕ್ರಮದಲ್ಲಿ 9/10 ಎಂದು ಬರೆದರೆ ಕೆಲವರು ಅಕ್ಟೋಬರ್‌ನಲ್ಲಿ ಬರುತ್ತಾರೆ. ಸಹಿ ಬೇಕಾದ ಕಾಗದ ಮಾತ್ರ ಶಾಲೆಯ ಅಧಿಕೃತ ದಾರಿಯಲ್ಲೇ ಹೋಗಲಿ, ಅದರ ಕೊಂಡಿಯನ್ನೂ ಕೊನೆಯ ದಿನವನ್ನೂ ಗುಂಪಿನಲ್ಲಿ ಮೂರು ದಿನ ಮೊದಲು ನೆನಪಿಸಿ.